ನಮ್ಮ ಕ್ಯಾಮೆರಾಗಳಲ್ಲಿರುವ ಕಲ್ಲುಗಳಿಗೆ ಒಂದು ಕಪಾಟು ಕೊಡಿ: ಪುರಾತತ್ವ ಅಧಿಕಾರಿಗಳಿಗೊಂದು ಬಹಿರಂಗ ಪತ್ರ

ರಾಜ್ಯ ಪುರಾತತ್ವ, ಸಂಗ್ರಹಾಲಯಗಳು ಮತ್ತು ಪರಂಪರೆ ಇಲಾಖೆಯ ಆಯುಕ್ತರಿಗೆ,
ಭಾರತೀಯ ಪುರಾತತ್ವ ಸರ್ವೇಕ್ಷಣಾ ಇಲಾಖೆಯ ಬೆಂಗಳೂರು, ಧಾರವಾಡ ಮತ್ತು ಹಂಪಿ ವಲಯಗಳ ಅಧಿಕಾರಿಗಳಿಗೆ,

ಮಾನ್ಯರೇ,

ವಾರವಿಡೀ ಬೇರೆ ಬೇರೆ ಕೆಲಸಗಳಲ್ಲಿದ್ದು, ಭಾನುವಾರ ಬೆಳಕು ಹರಿಯುವ ಮೊದಲೇ ಕ್ಯಾಮೆರಾ ಹೆಗಲಿಗೇರಿಸಿಕೊಂಡು ಹೊರಡುವ ಜನ ಈ ರಾಜ್ಯದ ಪ್ರತಿಯೊಂದು ಜಿಲ್ಲೆಯಲ್ಲೂ ಇದ್ದಾರೆ. ಮೊದಲ ಬಸ್ಸು ಹಿಡಿದೋ ನಾಲ್ಕಾರು ಮಂದಿ ಸೇರಿ ಬೈಕುಗಳಲ್ಲೋ ಅವರು ಹೋಗುವುದು ದೊಡ್ಡಗದ್ದವಳ್ಳಿಗೆ, ಅಮೃತಪುರಕ್ಕೆ, ಇಟಗಿಗೆ, ಕೆಳದಿ ಇಕ್ಕೇರಿಗಳಿಗೆ, ಕವಲೇದುರ್ಗದ ಬೆಟ್ಟಕ್ಕೆ, ಅಥವಾ ಹೆಸರೇ ಇಲ್ಲದ ಕೆರೆ ಏರಿಯ ಮೇಲೆ ನಿಂತಿರುವ ಒಂಟಿ ವೀರಗಲ್ಲಿನ ಬಳಿಗೆ. ಅವರಲ್ಲಿ ನಾನೂ ಒಬ್ಬ. ನಮಗೆ ಇದರಿಂದ ಸಂಪಾದನೆಯಿಲ್ಲ, ನಮ್ಮಲ್ಲಿ ಹೆಚ್ಚಿನವರ ಚಿತ್ರಗಳು ಎಲ್ಲಿಯೂ ಅಚ್ಚಾಗುವುದಿಲ್ಲ. ಆದರೂ ವರ್ಷ ವರ್ಷ ಅದೇ ಗುಡಿಗೆ, ಅದೇ ಕೋಟೆಗೆ ಮರಳಿ ಹೋಗುತ್ತೇವೆ. ಹಾಗೆ ಹೋಗಿ ತೆಗೆದ ಲೆಕ್ಕವಿಲ್ಲದಷ್ಟು ಚಿತ್ರಗಳು ನಮ್ಮ ಮನೆಗಳ ಹಾರ್ಡ್ ಡಿಸ್ಕ್‌ಗಳಲ್ಲಿ ಬಿದ್ದಿವೆ. ಅವುಗಳನ್ನು ನೀವು ಸ್ವೀಕರಿಸಬೇಕು, ಕ್ರಮವಾಗಿ ಇಡಬೇಕು, ಮುಂದೆ ತೆಗೆಯುವ ಚಿತ್ರಗಳು ದಾಖಲೆಯಾಗಿ ಉಪಯೋಗಕ್ಕೆ ಬರುವಂತೆ ನಮಗೆ ಅನುಕೂಲ ಮಾಡಿಕೊಡಬೇಕು ಎಂದು ಕೇಳುವುದಕ್ಕಾಗಿ ಈ ಪತ್ರ.

ಇದು ಹೊಸ ವಿಚಾರವೇನೂ ಅಲ್ಲ. ಕರ್ನಾಟಕದ ಸ್ಮಾರಕಗಳ ಮೊದಲ ಛಾಯಾಚಿತ್ರಗಳಲ್ಲಿ ಕೆಲವು ಬಂದದ್ದೇ ಹವ್ಯಾಸದಿಂದ. ಮದರಾಸು ಸೇನೆಯ ಅಧಿಕಾರಿ ಲಿನೇಯಸ್ ಟ್ರೈಪ್ ಬೇಲೂರು, ಹಳೇಬೀಡುಗಳನ್ನು ಸುತ್ತಿದ್ದು 1854ರ ಕೊನೆಯಲ್ಲಿ ಮತ್ತು 1855ರ ಆರಂಭದಲ್ಲಿ. ಮದರಾಸು ಸರ್ಕಾರ ಅವರನ್ನು ಅಧಿಕೃತ ಛಾಯಾಗ್ರಾಹಕನಾಗಿ ನೇಮಿಸಿಕೊಂಡದ್ದು ಆಮೇಲೆ. 1856ರಲ್ಲಿ ಇನ್ನೊಬ್ಬ ಸೇನಾಧಿಕಾರಿ ಅಲೆಕ್ಸಾಂಡರ್ ಗ್ರೀನ್‌ಲಾ ಹಂಪಿಯ ಅವಶೇಷಗಳನ್ನು ಮೇಣ ಸವರಿದ ದೊಡ್ಡ ಕಾಗದದ ನೆಗೆಟಿವ್‌ಗಳ ಮೇಲೆ ಸೆರೆಹಿಡಿದರು. ವಿಠ್ಠಲ ದೇವಾಲಯದ ಅಂಗಳದ ಕಲ್ಲಿನ ರಥವನ್ನು ನಾವೆಲ್ಲ ನೋಡಿದ್ದೇವೆ, ಐವತ್ತು ರೂಪಾಯಿಯ ನೋಟಿನ ಮೇಲೂ ಅದು ಇದೆ. ಗ್ರೀನ್‌ಲಾ ಚಿತ್ರದಲ್ಲಿ ಆ ರಥದ ನೆತ್ತಿಯ ಮೇಲೆ ಇಟ್ಟಿಗೆಯ ಶಿಖರವಿದೆ. ಈಗ ಅದಿಲ್ಲ. ಆ ನೆಗೆಟಿವ್ ಉಳಿದಿರದಿದ್ದರೆ ರಥ ಮೊದಲಿನಿಂದಲೂ ಹೀಗೆಯೇ ಬೋಳಾಗಿತ್ತು ಎಂದು ಇಂದು ನೋಡುವವರು ಸುಲಭವಾಗಿ ನಂಬಿಬಿಡುತ್ತಿದ್ದರು. 1980ರ ದಶಕದಲ್ಲಿ ಆಸ್ಟ್ರೇಲಿಯಾದ ಛಾಯಾಗ್ರಾಹಕ ಜಾನ್ ಗಾಲಿಂಗ್ಸ್ ಅದೇ ನೆಗೆಟಿವ್‌ಗಳನ್ನು ಆಧಾರವಾಗಿಟ್ಟುಕೊಂಡು, ಗ್ರೀನ್‌ಲಾ ಕ್ಯಾಮೆರಾ ಇಟ್ಟಿದ್ದ ಸ್ಥಳಗಳನ್ನೇ ಹುಡುಕಿ ನಿಂತು, ಅದೇ ನೋಟಗಳನ್ನು ಮತ್ತೆ ತೆಗೆದರು. ಎರಡನ್ನೂ ಅಕ್ಕಪಕ್ಕ ಇಟ್ಟರೆ ಯಾವ ಕಂಬ ಬಿದ್ದಿದೆ, ಯಾವ ಮಂಟಪ ದುರಸ್ತಿಯಾಗಿದೆ, ಎಲ್ಲಿ ಗಾರೆ ಉದುರಿದೆ ಎಂಬುದು ಕಣ್ಣಿಗೆ ಕಟ್ಟಿದಂತೆ ತಿಳಿಯುತ್ತದೆ.

ಆಗ ಒಂದು ನೋಟಕ್ಕೆ ಅಷ್ಟು ಕಷ್ಟಪಡಬೇಕಿತ್ತು. ಈಗ ಹಂಪಿಯ ಅದೇ ರಥವನ್ನು ದಿನವೂ ನೂರಾರು ಜನ ತೆಗೆಯುತ್ತಾರೆ. ಆ ರಥದ ಬಗ್ಗೆ ನನಗೆ ಚಿಂತೆಯಿಲ್ಲ. ಅದಕ್ಕೆ ಕಾವಲಿದೆ, ಬೇಲಿಯಿದೆ, ವಿಶ್ವಪರಂಪರೆಯ ಪಟ್ಟವಿದೆ. ನನ್ನ ಚಿಂತೆ ಉಳಿದವುಗಳದ್ದು. ಕರ್ನಾಟಕದಲ್ಲಿ ಕೇಂದ್ರದ ಸಂರಕ್ಷಣೆಯಲ್ಲಿ ಐನೂರಕ್ಕೂ ಹೆಚ್ಚು, ರಾಜ್ಯದ ಸಂರಕ್ಷಣೆಯಲ್ಲಿ ಎಂಟುನೂರಕ್ಕೂ ಹೆಚ್ಚು ಸ್ಮಾರಕಗಳಿವೆ. ಇವೆರಡೂ ಪಟ್ಟಿಗಳ ಹೊರಗೆ ಉಳಿದಿರುವ ಗುಡಿ, ಬಸದಿ, ಮಸೀದಿ, ಕಲ್ಯಾಣಿ, ಕೋಟೆಗೋಡೆ, ವೀರಗಲ್ಲು, ಮಾಸ್ತಿಕಲ್ಲುಗಳು ಇವುಗಳ ಹಲವು ಪಟ್ಟು. ಅವು ಹೊಲದ ಬದುವಿನಲ್ಲಿವೆ, ಬಸ್ ನಿಲ್ದಾಣದ ಹಿಂದಿವೆ, ಕೆಲವು ಬಟ್ಟೆ ಒಗೆಯುವ ಕಲ್ಲಾಗಿವೆ, ಕೆಲವು ಮನೆಯ ಮೆಟ್ಟಿಲಾಗಿವೆ. ರಸ್ತೆ ಅಗಲ ಮಾಡುವಾಗ ಜೆಸಿಬಿಯ ಬಾಯಿಗೆ ಸಿಕ್ಕಿ ಹೋದವುಗಳ ಸುದ್ದಿ ಪತ್ರಿಕೆಯಲ್ಲೂ ಬರುವುದಿಲ್ಲ. ಬೆಂಗಳೂರಿನ ವಿಷಯವನ್ನೇ ತೆಗೆದುಕೊಳ್ಳಿ. ರಾಜ್ಯದ ಶಾಸನಗಳನ್ನು ಸಂಗ್ರಹಿಸಿ ಪ್ರಕಟಿಸಿದ ಬಿ.ಎಲ್. ರೈಸ್ ಅವರ ಕಾಲದಲ್ಲಿ ದಾಖಲಾಗಿದ್ದ ಈ ನಗರದ ಸುತ್ತಲಿನ ಅನೇಕ ಶಾಸನಗಳು ಇಂದು ಹುಡುಕಿದರೆ ಸ್ಥಳದಲ್ಲಿಲ್ಲ. ಪಠ್ಯವಿದೆ, ಕಲ್ಲಿಲ್ಲ.

ಅದೇ ನಗರದಲ್ಲಿ 2018ರಲ್ಲಿ ಹೆಬ್ಬಾಳದಲ್ಲಿ ಚರಂಡಿ ಕೆಲಸದ ಹೊತ್ತಿಗೆ ಒಂದು ಕಲ್ಲು ಕಣ್ಣಿಗೆ ಬಿತ್ತು. ಕಿತ್ತಯ್ಯ ಎಂಬ ವೀರನ ಹೆಸರಿರುವ ಆ ಶಾಸನ ಸುಮಾರು ಕ್ರಿ.ಶ. 750ರದ್ದು ಎಂದು ಶಾಸನತಜ್ಞರು ಗುರುತಿಸಿದರು. ಅದನ್ನು ಕಾಪಾಡಿಕೊಂಡವರು ಇತಿಹಾಸದ ಪ್ರಾಧ್ಯಾಪಕರಷ್ಟೇ ಅಲ್ಲ, ಆಸಕ್ತಿಯಿಂದ ಕಲ್ಲುಗಳ ಬೆನ್ನುಹತ್ತಿದ ಸಾಮಾನ್ಯ ಜನ, ಆ ಊರಿನವರು. ಆಮೇಲೆ ಅದಕ್ಕೆ ಮಂಟಪವೂ ಆಯಿತು. 1909ರಲ್ಲಿ ಹುಟ್ಟಿದ, ಇತಿಹಾಸದ ಅಧ್ಯಯನ ನಡೆಸುವ ಮಿಥಿಕ್ ಸೊಸೈಟಿ ಈಗ ಬೆಂಗಳೂರು ಪ್ರದೇಶದ ಶಾಸನಗಳನ್ನು ಮೂರು ಆಯಾಮಗಳಲ್ಲಿ ಸ್ಕ್ಯಾನ್ ಮಾಡಿ ಅಂತರಜಾಲದಲ್ಲಿ ಎಲ್ಲರಿಗೂ ತೆರೆದಿಡುತ್ತಿದೆ. ಆ ಕೆಲಸ ಬೆಂಗಳೂರಿನಲ್ಲಿ ಆಗುತ್ತದೆ ಎಂದಾದರೆ ಹಾನಗಲ್ಲಿನಲ್ಲಿ, ಸುರಪುರದಲ್ಲಿ, ನಾಗಮಂಗಲದಲ್ಲಿ ಏಕೆ ಆಗಬಾರದು? ಸ್ಕ್ಯಾನರ್ ಎಲ್ಲ ಕಡೆ ಸಿಗಲಿಕ್ಕಿಲ್ಲ. ಕ್ಯಾಮೆರಾ ಇರುವವರು ಎಲ್ಲ ಕಡೆಯೂ ಇದ್ದಾರೆ.

ಸಂರಕ್ಷಿತ ಸ್ಮಾರಕಗಳೂ ಪೂರ್ತಿ ಸುರಕ್ಷಿತವಲ್ಲ ಎಂಬುದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ದೊಡ್ಡಗದ್ದವಳ್ಳಿಯ ಲಕ್ಷ್ಮೀದೇವಿ ದೇವಾಲಯ ಹೊಯ್ಸಳರ ಆರಂಭಕಾಲದ ರಚನೆ, ನಾಲ್ಕು ಗರ್ಭಗುಡಿಗಳ ಚತುಷ್ಕೂಟ. ಅಲ್ಲಿನ ಕಾಳಿಯ ಗುಡಿಯ ಬಾಗಿಲಲ್ಲಿ ಎಲುಬುಗೂಡಿನ ಬೇತಾಳಗಳು ನಿಂತಿವೆ. ಅವುಗಳನ್ನು ನೋಡಲೆಂದೇ ನಮ್ಮವರು ಅಷ್ಟು ದೂರ ಹೋಗುತ್ತಾರೆ. 2020ರ ನವೆಂಬರ್‌ನಲ್ಲಿ ಒಳಗಿದ್ದ ಮಹಾಕಾಳಿಯ ಮೂರ್ತಿ ಒಡೆದುಹೋದ ಸುದ್ದಿ ಬಂತು. ಆ ದಿನ ನನಗೆ ಮೊದಲು ನೆನಪಾದದ್ದು, ಅದಕ್ಕೂ ಹಿಂದಿನ ವರ್ಷಗಳಲ್ಲಿ ಎಷ್ಟೋ ಜನ ಆ ಮೂರ್ತಿಯನ್ನು ಎಷ್ಟೋ ಕೋನಗಳಿಂದ ತೆಗೆದಿದ್ದಾರಲ್ಲ, ಅವೆಲ್ಲ ಈಗ ಎಲ್ಲಿವೆ ಎಂಬುದು. ಕೈಗಳ ಆಯುಧಗಳು, ಪ್ರಭಾವಳಿಯ ಅಂಚು, ಪೀಠದ ಕೆತ್ತನೆ, ಎಲ್ಲವೂ ಯಾರದೋ ಫೋನಿನಲ್ಲಿ ಇದ್ದೇ ಇರುತ್ತವೆ. ಅವುಗಳನ್ನು ಒಂದೆಡೆ ತರುವ ಬಾಗಿಲು ಮಾತ್ರ ಇಲ್ಲ.

ಒಡೆದ ಶಿಲ್ಪಕ್ಕೆ ಪ್ರವಾಸಿಗರ ಚಿತ್ರಗಳು ಎಷ್ಟರಮಟ್ಟಿಗೆ ನೆರವಾಗಬಲ್ಲವು ಎಂಬುದಕ್ಕೆ ಬಾಮಿಯಾನ್ ಬುದ್ಧನ ಉದಾಹರಣೆ ಇದೆ. 2001ರ ಮಾರ್ಚ್‌ನಲ್ಲಿ ಅಫ್ಘಾನಿಸ್ತಾನದ ಆ ಬೃಹತ್ ಮೂರ್ತಿಗಳು ನಾಶವಾದ ಮೇಲೆ, ಜ್ಯೂರಿಕ್‌ನ ತಾಂತ್ರಿಕ ವಿಶ್ವವಿದ್ಯಾಲಯದ ತಂಡವೊಂದು ದೊಡ್ಡ ಬುದ್ಧನ ಆಕಾರವನ್ನು ಕಂಪ್ಯೂಟರಿನಲ್ಲಿ ಮರಳಿ ಕಟ್ಟಿತು. ಹಿಂದೆ ಅಳತೆಗೆಂದೇ ತೆಗೆದಿದ್ದ ಚಿತ್ರಗಳ ಜೊತೆಗೆ ಪ್ರವಾಸಿಗರು ತೆಗೆದಿದ್ದ ಚಿತ್ರಗಳನ್ನೂ ಅವರು ಬಳಸಿನೋಡಿದರು. ಅಳತೆಗೆಂದು ತೆಗೆದ ಚಿತ್ರಗಳಿಂದ ಬಂದಷ್ಟು ನಿಖರತೆ ಪ್ರವಾಸಿಗರ ಚಿತ್ರಗಳಿಂದ ಬರುವುದಿಲ್ಲ, ನಿಜ. ಆದರೆ ಇಲ್ಲಿ ನಾವು ಸ್ವಲ್ಪ ತರಬೇತಿ ಪಡೆದು, ಅಳತೆಪಟ್ಟಿ ಇಟ್ಟು, ಎಲ್ಲ ಬದಿಗಳಿಂದಲೂ ಒಂದರ ಮೇಲೊಂದು ಅಂಚು ಕೂಡುವಂತೆ ತೆಗೆದರೆ ಬಹಳ ದೂರ ಹೋಗಬಹುದು.

ಈಗ ಬೆಳಕಿನ ಮಾತಿಗೆ ಬರುತ್ತೇನೆ. ಇಲ್ಲಿ ಸ್ವಲ್ಪ ವಿವರವಾಗಿ ಹೇಳಬೇಕಾಗುತ್ತದೆ, ಏಕೆಂದರೆ ನಿಮ್ಮ ಸಿಬ್ಬಂದಿಗೂ ನಮಗೂ ನಡುವೆ ಆಗುವ ಬಹುಪಾಲು ತಕರಾರುಗಳ ಮೂಲ ಇದೇ.

ಹೊಯ್ಸಳರ ಗುಡಿಯ ಹೊರಭಿತ್ತಿಯನ್ನು ನಡುಮಧ್ಯಾಹ್ನ ತೆಗೆದರೆ ಚಿತ್ರ ಬರುತ್ತದೆ, ಶಿಲ್ಪ ಬರುವುದಿಲ್ಲ. ಸೂರಿನ ನೆರಳು ಮೂರ್ತಿಗಳ ಮುಖದ ಮೇಲೆ ಅಡ್ಡಲಾಗಿ ಬಿದ್ದಿರುತ್ತದೆ, ಕೆಳಗಿನ ಆನೆ ಕುದುರೆಗಳ ಸಾಲು ಚಪ್ಪಟೆಯಾಗಿ ಕಾಣುತ್ತದೆ. ಬಿಸಿಲು ಗೋಡೆಯನ್ನು ಓರೆಯಾಗಿ ಸವರಿಕೊಂಡು ಹೋಗುವ ಬೆಳಗಿನ ಮತ್ತು ಸಂಜೆಯ ಹೊತ್ತಿನಲ್ಲಿ ಮಾತ್ರ ಬಳಪದ ಕಲ್ಲಿನ ಪ್ರತಿಯೊಂದು ಕೊರೆತಕ್ಕೂ ಒಂದು ನೆರಳು ಹುಟ್ಟುತ್ತದೆ. ಮೂರ್ತಿಗಳ ಪೀಠದ ಮೇಲೆ ಶಿಲ್ಪಿಗಳು ತಮ್ಮ ಹೆಸರು ಕೊರೆದಿದ್ದಾರೆ. ಸೋಮನಾಥಪುರದಲ್ಲಿ, ನುಗ್ಗೇಹಳ್ಳಿಯಲ್ಲಿ, ಅಮೃತಪುರದಲ್ಲಿ ಮಲ್ಲಿತಮ್ಮನ ಹೆಸರಿದೆ. ಬೇಲೂರಿನಲ್ಲಿ ಬಳ್ಳಿಗಾವೆಯಿಂದ ಬಂದ ದಾಸೋಜ, ಚಾವಣರ ಹೆಸರಿದೆ. ಏಳರಿಂದ ಒಂಬತ್ತು ನೂರು ವರ್ಷ ಮಳೆಗಾಳಿಗೆ ಸವೆದ ಆ ಅಕ್ಷರಗಳು ನೇರ ಬೆಳಕಿನಲ್ಲಿ ಕಲ್ಲಿನೊಳಗೇ ಕರಗಿರುತ್ತವೆ. ಓರೆ ಬೆಳಕಿನಲ್ಲಿ ಓದಲು ಬರುತ್ತವೆ.

ಗೋಡೆಯ ದಿಕ್ಕು ಇನ್ನೊಂದು ಲೆಕ್ಕ. ದಕ್ಷಿಣದ ಗೋಡೆಗೆ ಚಳಿಗಾಲವಿಡೀ ಒಳ್ಳೆಯ ಬಿಸಿಲು ಸಿಗುತ್ತದೆ. ಉತ್ತರದ ಗೋಡೆಗೆ ನೇರ ಬಿಸಿಲು ತಾಕುವುದು ಮಾರ್ಚ್ ಕೊನೆಯಿಂದ ಸೆಪ್ಟೆಂಬರ್‌ವರೆಗೆ, ಅದೂ ಓರೆಯಾಗಿ ಬೀಳುವುದು ಬೆಳಿಗ್ಗೆ ಮತ್ತು ಸಂಜೆ. ಜೂನ್ ನಂತರದ ದಿನಗಳನ್ನು ಮುಂಗಾರಿನ ಮೋಡ ನುಂಗುತ್ತದೆ. ಉಳಿಯುವುದು ಏಪ್ರಿಲ್ ಮತ್ತು ಮೇ ತಿಂಗಳು, ದಿನಕ್ಕೆ ಒಂದೆರಡು ಗಂಟೆ. ಆ ಗಂಟೆಗಳಲ್ಲಿ ಟಿಕೆಟ್ ಇರುವ ಎಷ್ಟೋ ಸ್ಮಾರಕಗಳ ಬಾಗಿಲು ಮುಚ್ಚಿರುತ್ತದೆ. ಕಾವಲಿನ ಕಷ್ಟ ನನಗೆ ಅರ್ಥವಾಗುತ್ತದೆ. ಪ್ರತಿದಿನ ತೆರೆಯಿರಿ ಎನ್ನುತ್ತಿಲ್ಲ. ತಿಂಗಳಿಗೊಂದು ಭಾನುವಾರ, ಮೊದಲೇ ಹೆಸರು ನೋಂದಾಯಿಸಿದವರಿಗೆ, ಸೂರ್ಯೋದಯದಿಂದ ಒಳಗೆ ಬಿಡಿ. ಸಿಬ್ಬಂದಿಯ ಹೆಚ್ಚಿನ ಹೊತ್ತಿನ ಕೂಲಿಗೆ ಶುಲ್ಕ ಬೇಕಿದ್ದರೆ ನಿಗದಿ ಮಾಡಿ. ರಸೀದಿ ಕೊಟ್ಟರೆ ಸಂತೋಷದಿಂದ ಕಟ್ಟುವವರು ಬಹಳ ಜನರಿದ್ದಾರೆ.

ಒಳಗಿನ ಕಥೆ ಬೇರೆ. ಸೋಮನಾಥಪುರದ ಗುಡಿಯ ನವರಂಗದಲ್ಲಿ, ಅಂದರೆ ಒಳಮಂಟಪದಲ್ಲಿ, ನಿಂತು ತಲೆಯೆತ್ತಿದರೆ ಒಂದರಂತೆ ಇನ್ನೊಂದಿಲ್ಲದ ಭುವನೇಶ್ವರಿಗಳು (ಕೆತ್ತನೆಯ ಒಳಛಾವಣಿಗಳು), ಅವುಗಳ ನಡುವೆ ಇಳಿಬಿದ್ದ ಬಾಳೆಮೊಗ್ಗುಗಳು. ಹದಿಮೂರನೆಯ ಶತಮಾನದಲ್ಲಿ ಪ್ರತಿಷ್ಠೆಯಾದ ಆ ಗುಡಿಯೊಳಗೆ ಬೆಳಕು ಬರುವುದು ಬಾಗಿಲಿನಿಂದ ಮತ್ತು ಜಾಲಂಧ್ರಗಳ ಕಿಂಡಿಗಳಿಂದ. ಫ್ಲಾಶ್ ಹಾಕಬಾರದು, ಹಾಕಿದರೆ ಕೆತ್ತನೆಯ ಆಳವೆಲ್ಲ ಬಿಳುಪಿನಲ್ಲಿ ಮುಳುಗಿಹೋಗುತ್ತದೆ ಕೂಡ. ಹಾಗಾಗಿ ಶಟರ್ ಅರ್ಧ ಸೆಕೆಂಡೋ ಎರಡು ಸೆಕೆಂಡೋ ತೆರೆದಿರಬೇಕು. ಅಷ್ಟು ಹೊತ್ತು ಯಾವ ಮನುಷ್ಯನ ಕೈಯೂ ಅಲುಗದೆ ನಿಲ್ಲುವುದಿಲ್ಲ. ಟ್ರೈಪಾಡ್ ಬೇಕಾಗುವುದು ಇಷ್ಟಕ್ಕೇ. ಆದರೆ ಬಾಗಿಲಲ್ಲಿ ಟ್ರೈಪಾಡ್ ಕಂಡ ಕೂಡಲೇ ಅದನ್ನು ಸಿನಿಮಾ ಚಿತ್ರೀಕರಣದ ಸಾಮಾನು ಎಂದೇ ಎಣಿಸಲಾಗುತ್ತದೆ. ಕಾಲಿಗೆ ರಬ್ಬರ್ ಇರುವ, ಒಬ್ಬರೇ ಒಯ್ಯಬಹುದಾದ ಟ್ರೈಪಾಡಿಗೂ ದೀಪ, ಜನರೇಟರ್, ತಂಡ ಸಮೇತ ಬರುವ ಚಿತ್ರೀಕರಣಕ್ಕೂ ಇರುವ ವ್ಯತ್ಯಾಸವನ್ನು ಒಂದು ಸಾಲಿನಲ್ಲಿ ಬರೆದುಬಿಡಬಹುದು. ಹವ್ಯಾಸಿಗೆ ಅನುಮತಿ ಬೇಕೇ ಬೇಕು ಎಂದಾದರೆ, ಮನೆಯಲ್ಲೇ ಕುಳಿತು ಅರ್ಜಿ ಹಾಕಿ ಎರಡು ದಿನದಲ್ಲಿ ಪಡೆಯುವಂತಿರಲಿ.

ನಿಯಮಗಳ ಗೊಂದಲ ಇಲ್ಲಿಗೆ ಮುಗಿಯುವುದಿಲ್ಲ. 2018ರ ಜುಲೈನಲ್ಲಿ ಕೇಂದ್ರ ಇಲಾಖೆ ತನ್ನ ಸಂರಕ್ಷಿತ ಸ್ಮಾರಕಗಳಲ್ಲಿ ಛಾಯಾಗ್ರಹಣಕ್ಕಿದ್ದ ತಡೆಯನ್ನು ತೆಗೆದುಹಾಕಿತು. ಅಜಂತಾ, ಲೇಹ್ ಅರಮನೆಯ ಭಿತ್ತಿಚಿತ್ರಗಳು ಮತ್ತು ತಾಜ್‌ಮಹಲಿನ ಸಮಾಧಿ ಭಾಗ ಮಾತ್ರ ಇದರಿಂದ ಹೊರಗೆ ಉಳಿದವು. ಸಾರ್ವಜನಿಕರಿಗೆ ತೆರೆದಿರುವ ಜಾಗದಲ್ಲಿ ಶಾಶ್ವತವಾಗಿ ಇರುವ ಕಟ್ಟಡ, ಶಿಲ್ಪಗಳ ಚಿತ್ರ ತೆಗೆಯುವುದು 1957ರ ಕೃತಿಸ್ವಾಮ್ಯ ಕಾಯ್ದೆಯ 52ನೆಯ ಕಲಮಿನ ಪ್ರಕಾರ ಉಲ್ಲಂಘನೆಯಲ್ಲ. ಇಷ್ಟಾದರೂ ಒಂದು ಹಳೆಯ ಸ್ಮಾರಕದಲ್ಲಿ ನನ್ನ ಜೊತೆಗಾರರೊಬ್ಬರನ್ನು ಬಾಗಿಲಲ್ಲೇ ನಿಲ್ಲಿಸಿ, ಲೆನ್ಸ್ ದೊಡ್ಡದಾಗಿದೆ ಎಂಬ ಕಾರಣಕ್ಕೆ ಹಿಂದಕ್ಕೆ ಕಳಿಸಿದರು. ಅದೇ ಹೊತ್ತಿಗೆ ಪಕ್ಕದಲ್ಲೇ ಮೊಬೈಲ್ ಹಿಡಿದವರೆಲ್ಲ ಒಳಗೆ ಹೋಗುತ್ತಿದ್ದರು. ಆ ಕಾವಲುಗಾರರ ಮೇಲೆ ನನಗೆ ಸಿಟ್ಟಿಲ್ಲ. ಬಿಸಿಲಲ್ಲಿ ದಿನವಿಡೀ ನಿಲ್ಲುವವರು ಅವರು. ಏನಾದರೂ ಹೆಚ್ಚುಕಡಿಮೆಯಾದರೆ ಮೊದಲು ನೋಟಿಸು ಬರುವುದೂ ಅವರಿಗೇ. ಅವರ ಕೈಯಲ್ಲಿ ಬರಹದಲ್ಲಿರುವ ನಿಯಮವಿಲ್ಲದಿದ್ದಾಗ ಬೇಡ ಎನ್ನುವುದೇ ಅವರಿಗೆ ಸುರಕ್ಷಿತ ಉತ್ತರ. ಪ್ರತಿ ಸ್ಮಾರಕದ ಬಾಗಿಲಲ್ಲಿ ಕನ್ನಡದಲ್ಲಿ ಒಂದು ಫಲಕ ಹಾಕಿಸಿ: ಯಾವುದಕ್ಕೆ ಅನುಮತಿ ಬೇಡ, ಯಾವುದಕ್ಕೆ ಬೇಕು, ಅದನ್ನು ಕೊಡುವವರು ಯಾರು. ಅವರ ನೆಮ್ಮದಿಗೂ ಅದು ಬೇಕು.

ನಮ್ಮ ಕಡೆಯ ತಪ್ಪುಗಳನ್ನು ಮುಚ್ಚಿಟ್ಟು ಈ ಪತ್ರ ಬರೆದರೆ ಅದು ಪ್ರಾಮಾಣಿಕವಾಗುವುದಿಲ್ಲ. ಕ್ಯಾಮೆರಾ ಹಿಡಿದು ಬರುವವರೆಲ್ಲರೂ ಕಲ್ಲನ್ನು ಪ್ರೀತಿಸಿ ಬರುವುದಿಲ್ಲ. ಅಕ್ಷರ ಎದ್ದು ಕಾಣಲೆಂದು ಶಾಸನಕ್ಕೆ ಸುಣ್ಣದ ಪುಡಿ ಬಳಿಯುತ್ತಾರೆ, ಎಣ್ಣೆ ಸವರುತ್ತಾರೆ. ಮದುವೆಗೆ ಮುಂಚಿನ ಚಿತ್ರೀಕರಣಕ್ಕೆ ಬಂದವರು ಗುಡಿ ನಿಂತಿರುವ ಎತ್ತರದ ಜಗತಿಯ ಮೇಲೆ ಹೊಗೆಯ ಡಬ್ಬಿ ಹಚ್ಚುತ್ತಾರೆ, ಬಣ್ಣದ ಪುಡಿ ಎರಚುತ್ತಾರೆ. ಶಿಥಿಲವಾದ ಗೋಡೆಯ ಮೇಲೆ ಹತ್ತಿ ನಿಲ್ಲುತ್ತಾರೆ. 2019ರಲ್ಲಿ ಹಂಪಿಯಲ್ಲಿ ಯುವಕರು ಕಂಬ ಉರುಳಿಸುವ ವಿಡಿಯೊ ನೋಡಿ ನಾಡೆಲ್ಲ ನೊಂದುಕೊಂಡಿತು. ನ್ಯಾಯಾಲಯ ಅವರಿಗೆ ತಲಾ 70,000 ರೂಪಾಯಿ ದಂಡ ಹಾಕಿತು, ಆ ಕಂಬವನ್ನು ಅವರ ಕೈಯಿಂದಲೇ ಮತ್ತೆ ನಿಲ್ಲಿಸಲಾಯಿತು. ಇಂಥವರ ಮೇಲೆ ಇನ್ನೂ ಕಠಿಣವಾಗಿ ನಡೆದುಕೊಳ್ಳಿ, ನಮ್ಮ ಪೂರ್ಣ ಬೆಂಬಲವಿದೆ. ಆದರೆ ಒಂದೇ ಬೇಲಿಯಲ್ಲಿ ಎಲ್ಲರನ್ನೂ ಹೊರಗಿಟ್ಟರೆ, ಕಲ್ಲಿಗೆ ಏನಾದರೂ ಆದದ್ದನ್ನು ಮೊದಲು ಕಂಡು ನಿಮಗೆ ತಿಳಿಸಬಲ್ಲ ಕಣ್ಣುಗಳನ್ನೂ ಹೊರಗಿಟ್ಟಂತಾಗುತ್ತದೆ.

ನಾನು ಕೇಳುತ್ತಿರುವ ಸಂಗ್ರಹ ಹೇಗಿರಬೇಕು ಎಂಬುದಕ್ಕೆ ಹಳೆಯ ಮಾದರಿಯಿದೆ. 1897ರಲ್ಲಿ ಇಂಗ್ಲೆಂಡಿನಲ್ಲಿ ಸಂಸತ್ ಸದಸ್ಯರೂ ಹವ್ಯಾಸಿ ಛಾಯಾಗ್ರಾಹಕರೂ ಆಗಿದ್ದ ಬೆಂಜಮಿನ್ ಸ್ಟೋನ್ ರಾಷ್ಟ್ರೀಯ ಛಾಯಾಚಿತ್ರ ದಾಖಲೆಯ ಸಂಘವೊಂದನ್ನು ಕಟ್ಟಿದರು. ಊರೂರಿನ ಹವ್ಯಾಸಿಗಳು ತಮ್ಮ ಸುತ್ತಲಿನ ಹಳೆಯ ಕಟ್ಟಡ, ಆಚರಣೆಗಳ ಚಿತ್ರ ತೆಗೆದು ಬಾಳಿಕೆ ಬರುವ ಮುದ್ರಣ ಮಾಡಿ ಬ್ರಿಟಿಷ್ ಮ್ಯೂಸಿಯಂಗೆ ಒಪ್ಪಿಸುತ್ತಿದ್ದರು. ಸಂಘ 1910ರಲ್ಲಿ ನಿಂತುಹೋಯಿತು, ಚಿತ್ರಗಳು ಉಳಿದವು. ನಮ್ಮ ಕಾಲದ್ದೇ ಬೇಕೆಂದರೆ, 2010ರಲ್ಲಿ ನೆದರ್‌ಲ್ಯಾಂಡ್ಸ್‌ನಲ್ಲಿ ಶುರುವಾದ ವಿಕಿ ಲವ್ಸ್ ಮಾನ್ಯುಮೆಂಟ್ಸ್ ಸ್ಪರ್ಧೆ ಇದೆ; ಭಾರತದ ಹವ್ಯಾಸಿಗಳೂ ಅದರಲ್ಲಿ ಭಾಗವಹಿಸಿ ತಮ್ಮ ಚಿತ್ರಗಳನ್ನು ಮುಕ್ತ ಪರವಾನಗಿಯಲ್ಲಿ ಕೊಟ್ಟಿದ್ದಾರೆ. 1971ರಲ್ಲಿ ಸ್ಥಾಪನೆಯಾದ ಬೆಂಗಳೂರಿನ ಯೂತ್ ಫೋಟೋಗ್ರಾಫಿಕ್ ಸೊಸೈಟಿಯಂಥ ಸಂಘಗಳು ನಮ್ಮಲ್ಲೇ ಇವೆ. ಹೊಸಬರಿಗೆ ಕಲಿಸಬಲ್ಲ ಹಿರಿಯರಿಗೆ ಕೊರತೆಯಿಲ್ಲ.

ನಿಮ್ಮ ಸಂಗ್ರಹಕ್ಕೆ ಸುಂದರ ಚಿತ್ರ ಬೇಕಿಲ್ಲ. ಸೂರ್ಯಾಸ್ತದ ಬಣ್ಣವೂ ಬೇಕಿಲ್ಲ. ಪ್ರತಿ ಕಟ್ಟಡದ ನಾಲ್ಕೂ ದಿಕ್ಕುಗಳ ನೇರ ನೋಟ, ಪಕ್ಕದಲ್ಲಿ ಅಳತೆಪಟ್ಟಿ, ತೆಗೆದ ದಿನಾಂಕ, ಊರು ಮತ್ತು ಹೋಬಳಿಯ ಹೆಸರು, ತಿದ್ದದೇ ಉಳಿಸಿದ ಮೂಲ ಕಡತ, ಇಷ್ಟಿದ್ದರೆ ಸಾಕು. ಶಾಸನಕ್ಕಾದರೆ ಎಡದಿಂದ ಒಮ್ಮೆ, ಬಲದಿಂದ ಒಮ್ಮೆ ಓರೆ ಬೆಳಕು ಬಿಟ್ಟು ತೆಗೆದ ಎರಡು ಚಿತ್ರ. ಸಂಜೆ ಕತ್ತಲಾಗುವಾಗ ಒಂದು ಟಾರ್ಚ್ ಇದ್ದರೆ ಕಲ್ಲನ್ನು ಮುಟ್ಟದೆ ಇದನ್ನು ಮಾಡಬಹುದು. ಇದನ್ನು ಕಲಿಸಲು ಅರ್ಧ ದಿನದ ಶಿಬಿರ ಸಾಕು. ಇಲಾಖೆಯ ಗ್ರಾಮವಾರು ಸಮೀಕ್ಷೆಯಲ್ಲಿ ಈಗಾಗಲೇ ದಾಖಲಾಗಿರುವ ಕಲ್ಲುಗಳ ಪಟ್ಟಿಯನ್ನು ನಮ್ಮ ಕೈಗೆ ಕೊಟ್ಟರೆ, ಯಾವುದು ಇನ್ನೂ ಅಲ್ಲಿದೆ, ಯಾವುದು ಇಲ್ಲ ಎಂಬುದನ್ನೂ ನೋಡಿ ಹೇಳುತ್ತೇವೆ.

ಒಂದು ಎಚ್ಚರಿಕೆಯ ಮಾತನ್ನೂ ಸೇರಿಸಬೇಕು. ಕಾವಲಿಲ್ಲದ ಗುಡಿಯಲ್ಲಿ ಬಿಡಿಯಾಗಿ ನಿಂತಿರುವ ಮೂರ್ತಿಯ ಚಿತ್ರವನ್ನು ಜಾಗದ ಗುರುತು ಸಮೇತ ಬಹಿರಂಗವಾಗಿ ಹಾಕುವುದು ಕಳ್ಳರಿಗೆ ದಾರಿ ತೋರಿಸಿದ ಹಾಗೆ. ಹಾಗಾಗಿ ಚಿತ್ರ ಎಲ್ಲರಿಗೂ ಕಾಣಲಿ, ನಿಖರವಾದ ಸ್ಥಳ ಮಾತ್ರ ಇಲಾಖೆಯ ಬಳಿ ಉಳಿಯಲಿ. ಮೂರ್ತಿ ಕಳುವಾದಾಗ ಪೊಲೀಸರು ಮೊದಲು ಕೇಳುವುದು ಫೋಟೊವನ್ನು. ವಿದೇಶದ ಯಾವುದೋ ಹರಾಜಿನಲ್ಲಿ ಅದು ಕಾಣಿಸಿಕೊಂಡರೆ ಇದು ನಮ್ಮದು ಎಂದು ಸಾಧಿಸುವುದಕ್ಕೂ, ಅದು ಗುಡಿಯಲ್ಲಿ ಇದ್ದಾಗಿನ ಚಿತ್ರವೇ ಬೇಕು.

ದೊಡ್ಡ ಯೋಜನೆಗಾಗಿ ಕಾಯುವುದು ಬೇಡ ಎಂಬುದು ನನ್ನ ವಿನಂತಿ. ಒಂದು ತಾಲ್ಲೂಕನ್ನು ಆರಿಸಿ. ಸಂರಕ್ಷಿತ ಪಟ್ಟಿಗೆ ಸೇರದ ಕಲ್ಲುಗಳು ಹೆಚ್ಚಿರುವ, ರಸ್ತೆ ಅಥವಾ ನೀರಾವರಿ ಕಾಮಗಾರಿ ಹತ್ತಿರ ಬರುತ್ತಿರುವ ತಾಲ್ಲೂಕಾದರೆ ಇನ್ನೂ ಒಳ್ಳೆಯದು. ಇಲಾಖೆಯಿಂದ ಒಬ್ಬ ಅಧಿಕಾರಿ, ಊರುಗಳಿಗೆ ತೋರಿಸಲು ನಿಮ್ಮ ಮುದ್ರೆಯಿರುವ ಒಂದು ಪತ್ರ, ಚಿತ್ರಗಳನ್ನು ಹಾಕಲು ಒಂದು ಸರ್ವರ್, ಇಷ್ಟನ್ನು ನೀವು ಕೊಡಿ. ಪೆಟ್ರೋಲು, ಊಟ, ಸಮಯ ನಮ್ಮದು. ಏಪ್ರಿಲ್ ಹೊತ್ತಿಗೆ ಅನುಮತಿ ಕೈಸೇರಿದರೆ, ಮಳೆ ಹಿಡಿಯುವುದರೊಳಗೆ ಆ ತಾಲ್ಲೂಕಿನ ಉತ್ತರದ ಗೋಡೆಗಳನ್ನೆಲ್ಲ ತೆಗೆದು ಮುಗಿಸಬಹುದು. ಉಳಿದ ದಿಕ್ಕುಗಳನ್ನು ದಸರೆಯ ನಂತರ ನೋಡಿಕೊಳ್ಳುತ್ತೇವೆ. ಯಾವ ತಾಲ್ಲೂಕು ಎಂದು ಲಿಖಿತವಾಗಿ ತಿಳಿಸಿದರೆ ಅಲ್ಲಿನ ಹವ್ಯಾಸಿಗಳ ಸಭೆಯನ್ನು ನಾವೇ ಕರೆಯುತ್ತೇವೆ.

ವಂದನೆಗಳೊಂದಿಗೆ,
ಒಬ್ಬ ಹವ್ಯಾಸಿ ಛಾಯಾಗ್ರಾಹಕ